ಕತ್ತಲೆಕಾನಿನ ಜಡ್ಡಿಗೆ ಅರ್ಧ ದಿನದ ನಡಿಗೆ: ಮಾರ್ಗದರ್ಶಕರು ಉತ್ತಮ, ಗುಂಪು ಮಾತ್ರ ದೊಡ್ಡದು

ಸಿದ್ದಾಪುರ ತಾಲ್ಲೂಕಿನ ಹೋಮ್‌ಸ್ಟೇ ಒಂದು ಅರಣ್ಯ ಇಲಾಖೆಯ ಅನುಮತಿ ಪಡೆದು ಏರ್ಪಡಿಸಿದ ಕತ್ತಲೆಕಾನಿನ ನಡಿಗೆಗೆ ನಾವು ಮೇ ತಿಂಗಳ ಕೊನೆಯ ವಾರ ಹೋಗಿದ್ದೆವು. ತಿಂಡಿಯೂ ಸೇರಿ ತಲೆಗೆ 800 ರೂಪಾಯಿ. ತಾಳಗುಪ್ಪದಿಂದ ಹೊನ್ನಾವರದ ಕಡೆಗೆ ಹೋಗುವವರಲ್ಲಿ ಬಹುತೇಕರು ಬಸ್ಸಿನ ಕಿಟಕಿಯಿಂದಲೇ ನೋಡಿ ದಾಟುವ ಈ ಕಾನಿನೊಳಗೆ, ಜಾಯಿಕಾಯಿಯ ಬಳಗದ ಮರಗಳು ವರ್ಷವಿಡೀ ನೀರಲ್ಲಿ ಕಾಲೂರಿ ನಿಂತ ಸಿಹಿನೀರಿನ ಜೌಗುಗಳಿವೆ. ಊರಿನವರು ಅವನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ.

ನಮ್ಮ ಮಾರ್ಗದರ್ಶಕರು ಅಲ್ಲಿಯವರೇ ಆದ ಅಡಿಕೆ ಕೃಷಿಕರು. ಕೆಸರಿನಿಂದ ಗೇಣೆತ್ತರಕ್ಕೆ ಎದ್ದು, ಮಡಿಚಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗಿಳಿದಿದ್ದ ಬೇರೊಂದರ ಪಕ್ಕದಲ್ಲಿ ಕುಳಿತು, ನೀರು ನಿಂತ ಮಣ್ಣಿನಲ್ಲಿ ಗಾಳಿ ಸಿಗದ ಕಾರಣ ಮರ ಹೀಗೆ ಮೇಲೆ ಬಂದು ಉಸಿರಾಡುತ್ತದೆ ಎಂದು ಅವರು ನನ್ನ ಮಗಳಿಗೆ ವಿವರಿಸಿದರು. ಅದು ಜಿಮ್ನಕ್ರಾಂಥೆರಾ ಕನಾರಿಕಾ. ಹೆಸರಿನಲ್ಲೇ ನಮ್ಮ ಕನ್ನಡ ಜಿಲ್ಲೆಯಿದೆ. ಕಾಂಡದ ಸುತ್ತ ಊರುಗೋಲುಗಳಂತೆ ಬೇರಿಳಿಸಿ ನಿಲ್ಲುವ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಮರವನ್ನೂ ತೋರಿಸಿದರು. 2000ರಲ್ಲಿ ಹೊಸ ಪ್ರಭೇದವೆಂದು ಗುರುತಿಸಲಾದ, ಗೇರಿನ ಬಳಗದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಈ ಕಾಡಿನ ಹೆಸರನ್ನೇ ಹೊತ್ತಿದೆ.

ಊರಿನ ಎಷ್ಟೋ ಬಾವಿಗಳು ಬತ್ತಿದ್ದ ಆ ವಾರದಲ್ಲಿಯೂ ಜಡ್ಡಿಯಿಂದ ಹೊರಡುವ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು ತಣ್ಣಗೆ ಹರಿಯುತ್ತಿತ್ತು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬಿಡುವ ಈ ಜೌಗುಗಳು ಹೆಚ್ಚಾಗಿ ಕಣಿವೆಯ ಸಮತಟ್ಟು ಜಾಗದಲ್ಲಿಯೇ ಇರುವುದರಿಂದ ಗದ್ದೆಗೂ ಅಡಿಕೆ ತೋಟಕ್ಕೂ ಮೊದಲು ಬಲಿಯಾದವು. ತಮ್ಮ ತೋಟದ ಕೆಳಭಾಗವೂ ಅಜ್ಜನ ಕಾಲದಲ್ಲಿ ಜಡ್ಡಿಯೇ ಆಗಿತ್ತೆಂದು ಮಾರ್ಗದರ್ಶಕರು ಮುಚ್ಚುಮರೆಯಿಲ್ಲದೆ ಹೇಳಿದ್ದು ನನ್ನ ಮನಸ್ಸಿಗೆ ನಾಟಿತು. ಈ ಮರಗಳ ಬೀಜ ಒಣಗಿದರೆ ಬೇಗನೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಒಮ್ಮೆ ಬತ್ತಿಸಿದ ಜಡ್ಡಿಯಲ್ಲಿ ಅವು ತಾವಾಗಿ ಮರಳಿ ಬೆಳೆಯುವುದು ಬಹಳ ಕಷ್ಟ.

ನನ್ನ ಆಕ್ಷೇಪ ಗುಂಪಿನ ಗಾತ್ರದ ಬಗ್ಗೆ. ಫೋನಿನಲ್ಲಿ ಎಂಟು ಜನರೆಂದು ಹೇಳಿ, ಹದಿನಾರು ಜನರನ್ನು ಒಬ್ಬರೇ ಮಾರ್ಗದರ್ಶಕರ ಜೊತೆ ಕಳುಹಿಸಿದರು. ಹಿಂದಿದ್ದವರಿಗೆ ಮಾತು ಕೇಳಿಸಲಿಲ್ಲ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಇಬ್ಬರು ಫೋಟೋಕ್ಕಾಗಿ ಆ ಉಸಿರಾಟದ ಬೇರುಗಳ ಮೇಲೆಯೇ ನಿಂತರು. ಮಾರ್ಗದರ್ಶಕರು ಕೂಡಲೇ ಅವರನ್ನು ಇಳಿಸಿದರು, ಆದರೆ ಬೇರೊಂದರ ಸಿಪ್ಪೆ ಅಷ್ಟರಲ್ಲಿಯೇ ಕಿತ್ತುಬಂದಿತ್ತು. ಇದು ಪೂರ್ತಿಯಾಗಿ ಏರ್ಪಾಡು ಮಾಡಿದವರ ತಪ್ಪು. ಅವರಿಗೆ ಹಾಗೆಂದೇ ಬರೆದು ತಿಳಿಸಿದ್ದೇನೆ.

ಮಾರ್ಗದರ್ಶನಕ್ಕೆ ಐದರಲ್ಲಿ ಐದು, ವ್ಯವಸ್ಥೆಗೆ ಎರಡು ಅಂಕ ಕೊಡುತ್ತೇನೆ. ಹೋಗುವವರು ವಾರದ ನಡುವಿನ ದಿನವನ್ನೇ ಆರಿಸಿ, ಗುಂಪಿನಲ್ಲಿ ಎಷ್ಟು ಜನರಿರುತ್ತಾರೆಂಬುದನ್ನು ಮುಂಗಡ ಕಟ್ಟುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.