ಹಳೇ ತಗಡಿನ ಕಣಜಕ್ಕೆ ಯಾವ ತಳ? ಕಾಂಕ್ರೀಟು, ಹಲಗೆ, ಕಬ್ಬಿಣ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಬ್ಬಿಣದ ತಳಕ್ಕೆ. ಮೂರು ಬಗೆಯ ತಳವನ್ನೂ ನಾವು ಒಂದೇ ಕಣಜದಲ್ಲಿ ಬಳಸಿ ನೋಡಿದ್ದೇವೆ. ಅಪ್ಪ ಕೊಂಡಾಗ ಬಂದಿದ್ದ ತಗಡಿನ ತಳ ತುಕ್ಕು ಹಿಡಿದು ಹಪ್ಪಳದ ಹಾಗೆ ಮುರಿಯತೊಡಗಿದಾಗ ಅವರು ಕಾಂಕ್ರೀಟು ಹಾಕಿಸಿದರು. ಆಮೇಲೆ ಅದರ ಮೇಲೆ ಹಲಗೆ ಬಂತು. ಈಗ ಆಂಗಲ್ (ಎಲ್ ಆಕಾರದ ಕಬ್ಬಿಣದ ಸಲಾಕೆ) ಮೇಲೆ ಜಿಐ ಶೀಟು, ಅಂದರೆ ಸತು ಲೇಪಿಸಿದ ಕಬ್ಬಿಣದ ಹಾಳೆ, ಕೂತಿದೆ.

ಕಣಜ ಆರಡಿ ಅಗಲದ ದುಂಡನೆಯದು. ಮನೆ ಹಿಂದಿನ ಶೆಡ್ಡಿನಲ್ಲಿದೆ. ನಾವು ಅರಸೀಕೆರೆ ಕಡೆಯವರು, ತುಂಬುವುದು ರಾಗಿ. ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ಓದಿ, ಯಾಕೆಂದರೆ ಮೆಕ್ಕೆಜೋಳ ತುಂಬುವವರಿಗೆ ಲೆಕ್ಕ ಸ್ವಲ್ಪ ಬೇರೆ ಆಗುತ್ತದೆ.

ಕಾಂಕ್ರೀಟು ನೋಡೋಕೆ ಗಟ್ಟಿ, ಹೆಗ್ಗಣ ಕೊರೆಯಲಾರದು, ಗುಡಿಸೋದೂ ಸುಲಭ. ಆದರೆ ನೆಲದ ತೇವವನ್ನು ಅದು ತಡೆಯುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಲ್ಲಿ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆಷಾಢದ ಜಿಟಿಜಿಟಿ ಮಳೆ ಹಿಡಿದಾಗ ಮೇಲಿನ ರಾಗಿ ಬೆರಳ ಸಂದಿಯಲ್ಲಿ ಜಾರುತ್ತಿತ್ತು, ತಳದ ನಾಲ್ಕು ಬೆರಳಿನಷ್ಟು ಮಾತ್ರ ಅಂಟಿಕೊಂಡು ಗಂಟು ಗಂಟಾಗಿತ್ತು. ಆ ರಾಗಿಯ ಮುದ್ದೆಗೆ ಕಮಟು ವಾಸನೆ. ಅಮ್ಮ ಒಂದು ತುತ್ತು ಬಾಯಿಗಿಟ್ಟು ಉಳಿದಿದ್ದನ್ನು ಎಮ್ಮೆಗೆ ಹಾಕಿಬಿಟ್ಟರು. ಕಾಂಕ್ರೀಟು ಸುರಿಯುವ ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಬೇರೆ ಮಾತು. ನಮ್ಮಲ್ಲಿ ಗಾರೆಯವನು ಮಣ್ಣಿನ ಮೇಲೇ ಜಲ್ಲಿ ಸುರಿದು ಹೋಗಿದ್ದ.

ಹಲಗೆಯದ್ದು ಬೇಗ ಮುಗಿಸುತ್ತೇನೆ. ಬೆಚ್ಚಗಿರುತ್ತದೆ, ಬೆವರುವುದಿಲ್ಲ, ಹಳೇ ಮನೆ ಕೆಡವಿದ ಮರ ಇದ್ದರೆ ಖರ್ಚೂ ಇಲ್ಲ. ಆದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಆ ಸಂದಿಯಲ್ಲಿ ರಾಗಿ ಸೋರುತ್ತದೆ. ಗೆದ್ದಲು ಬಂದ ಮೇಲೆ ಮಾತೇ ಇಲ್ಲ. ಗೆದ್ದಲಿಗೆ ಎಣ್ಣೆ ಹೊಡೆಯೋಣ ಅಂದರೆ ಅದು ನಾವು ತಿನ್ನುವ ಕಾಳು ಬೀಳುವ ಜಾಗ ಅಲ್ವಾ?

ಈಗ ಕಬ್ಬಿಣ. ಆರಡಿ ಎತ್ತರಕ್ಕೆ ರಾಗಿ ತುಂಬಿದರೆ ಪ್ರತಿ ಚದರ ಮೀಟರಿಗೆ 1,300 ಕೆಜಿಗೂ ಹೆಚ್ಚು ಭಾರ ಬೀಳುತ್ತದೆ. ಹಾಗಾಗಿ ತೆಳು ತಗಡು ಸಾಲದು. ನಾವು ಹಾಕಿದ್ದು 2 ಮಿ.ಮೀ. ಶೀಟು, ಕೆಳಗೆ 50×50×5 ಮಿ.ಮೀ. ಆಂಗಲ್, ಮುಕ್ಕಾಲು ಅಡಿಗೊಂದರಂತೆ. ಆಂಗಲ್‌ಗಳಿಗೆ ಎರಡಡಿಗೊಂದು ಸಿಮೆಂಟ್ ಬ್ಲಾಕು ಕೊಟ್ಟಿದ್ದೇವೆ. ಬ್ಲಾಕಿನ ತೇವ ಆಂಗಲ್‌ಗೆ ಏರದಿರಲಿ ಅಂತ ನಡುವೆ ಹಳೇ ಟ್ಯೂಬಿನ ತುಂಡು ಇಟ್ಟಿದ್ದೇವೆ. ಕಬ್ಬಿಣ ಕೊಳ್ಳುವುದು ತೂಕದ ಲೆಕ್ಕದಲ್ಲಿ, ಆದ್ದರಿಂದ ತೂಕವನ್ನೇ ಹೇಳುತ್ತೇನೆ. ಶೀಟು ಸುಮಾರು 41 ಕೆಜಿ, ಆಂಗಲ್ ಸುಮಾರು 42 ಕೆಜಿ. ಶೀಟು ಕತ್ತರಿಸಿದಾಗ ಉಳಿಯುವ ಮೂಲೆಗಳಿಗೂ ನೀವೇ ದುಡ್ಡು ಕೊಡಬೇಕು, ಆ ತುಂಡುಗಳನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಮುಂದೆ ಕೆಲಸಕ್ಕೆ ಬರುತ್ತವೆ.

ಕಣಜದ ಬಾಗಿಲು ಚಿಕ್ಕದು, ಇಡೀ ಶೀಟು ಒಳಗೆ ಹೋಗಲ್ಲ. ಒಂದೂವರೆ ಅಡಿ ಅಗಲದ ನಾಲ್ಕು ಪಟ್ಟಿ ಮಾಡಿಸಿದರೆ ಪ್ರತಿ ಜೋಡಣೆಯೂ ಸರಿಯಾಗಿ ಒಂದು ಆಂಗಲ್ ಮೇಲೆ ಕೂರುತ್ತದೆ. ಅದಕ್ಕೇ ಮುಕ್ಕಾಲು ಅಡಿಯ ಲೆಕ್ಕ.

ಇಷ್ಟೆಲ್ಲ ಸಲೀಸಾಗಿ ಆಯಿತು. ಕಾಡಿದ್ದು ಅಂಚು.

ಹಳೇ ಕಣಜ ದುಂಡಗಿರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇರಲ್ಲ. ವರ್ಷಗಟ್ಟಲೆ ಭಾರ ಹೊತ್ತು, ಒಂದು ಕಡೆ ಟ್ರಾಲಿ ತಗುಲಿ, ಇನ್ನೊಂದು ಕಡೆ ಮೂಟೆ ಒರಗಿಸಿ ನಮ್ಮದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಗೋಡೆಯ ತಗಡು ಬೇರೆ ಅಲೆಅಲೆಯದು. ವೆಲ್ಡಿಂಗ್ ಅಂಗಡಿಯವರು ಆರಡಿ ವೃತ್ತ ಎಳೆದು ಚೊಕ್ಕವಾಗಿ ಕತ್ತರಿಸಿ ಕೊಟ್ಟರು. ಒಳಗಿಟ್ಟು ನೋಡಿದರೆ ಒಂದು ಕಡೆ ಶೀಟು ಗೋಡೆಗೆ ಒತ್ತುತ್ತಿದೆ, ಎದುರುಗಡೆ ಕಿರುಬೆರಳು ತೂರುವಷ್ಟು ಸಂದಿ. ಮೆಕ್ಕೆಜೋಳಕ್ಕೆ ಚಿಂದಿ ಬಟ್ಟೆ ತುರುಕಿದರೂ ನಡೆದೀತು. ರಾಗಿಯದ್ದು ಎರಡು ಮಿಲಿಮೀಟರೂ ಇಲ್ಲದ ಕಾಳು, ನೀರಿನ ಹಾಗೆ ಹರಿಯುತ್ತದೆ. ಹಾಗೆ ಕೆಳಗೆ ಬಿದ್ದ ರಾಗಿ ಅಲ್ಲೇ ಕೂತು ಬೂಷ್ಟು ಹಿಡಿಯುತ್ತದೆ, ಅದರ ವಾಸನೆಗೆ ಇಲಿ ಬರುತ್ತದೆ. ತಳ ಎತ್ತರಿಸಿದ್ದರ ಪ್ರಯೋಜನವೆಲ್ಲ ಆ ಸಂದಿಯಲ್ಲೇ ಸೋರಿಹೋಗುತ್ತದೆ.

ಸಿಲಿಕೋನ್ ಹಚ್ಚಿ ಅಂದರು. ಹಚ್ಚಿದೆವು. ಕಣಜ ತುಂಬಿದಾಗ ಗೋಡೆ ಹೊರಕ್ಕೆ ತಳ್ಳಿಕೊಳ್ಳುತ್ತದೆ, ತಳ ಕೆಳಕ್ಕೆ ಬಾಗುತ್ತದೆ, ಸಿಲಿಕೋನ್ ಒಂದು ಕಡೆಯಿಂದ ಬಿಟ್ಟುಕೊಂಡಿತು. ಗೋಡೆಗೇ ವೆಲ್ಡ್ ಮಾಡೋಣ ಅಂದ ವೆಲ್ಡಿಂಗ್ ಹುಡುಗ. ಅದಕ್ಕೆ ನಾನು ಒಪ್ಪಲಿಲ್ಲ. ಜಿಐ ಮೇಲೆ ವೆಲ್ಡ್ ಮಾಡಿದರೆ ಸತು ಸುಟ್ಟು ಬಿಳಿ ಹೊಗೆ ಏಳುತ್ತದೆ. ಮುಚ್ಚಿದ ಕಣಜದೊಳಗೆ ಕೂತು ಅದನ್ನು ಕುಡಿದರೆ ರಾತ್ರಿಗೆ ಚಳಿಜ್ವರ ಗ್ಯಾರಂಟಿ. ಮೇಲಾಗಿ ಸತು ಹೋದ ಜಾಗದಲ್ಲೇ ಮೊದಲು ತುಕ್ಕು ಶುರುವಾಗುವುದು. ಹಳೇ ತಗಡಂತೂ ತೆಳ್ಳಗೆ, ತೂತೇ ಬಿದ್ದುಬಿಡುತ್ತದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಎಲ್ ಪಟ್ಟಿ. ತೆಳು ಜಿಐ ತಗಡನ್ನು ನಾಲ್ಕಿಂಚು ಅಗಲಕ್ಕೆ ಕತ್ತರಿಸಿ, ನಡುವೆ ಮಡಚಿ, ಕೆಳಗಿನ ಎರಡಿಂಚಿಗೆ ಒಂದೊಂದು ಇಂಚಿಗೆ ಕತ್ತರಿಯಿಂದ ಸೀಳು ಕೊಡಬೇಕು. ಆಗ ಪಟ್ಟಿ ಗೋಡೆ ಬಾಗಿದ ಹಾಗೆಲ್ಲ ಬಾಗುತ್ತದೆ, ಸೀಳುಗಳು ಒಂದರ ಮೇಲೊಂದು ಕೂರುತ್ತವೆ. ಮೇಲಿನ ಭಾಗವನ್ನು ರಬ್ಬರ್ ವಾಶರ್ ಇರುವ ಸ್ಕ್ರೂನಿಂದ ಗೋಡೆಗೆ ಬಿಗಿಯಬೇಕು. ಕೆಳಗಿನ ಭಾಗ ಶೀಟಿನ ಮೇಲೆ ಸುಮ್ನೆ ಕೂತಿರಬೇಕು, ಬೋಲ್ಟ್ ಬೇಡ. ರಾಗಿಯ ಭಾರವೇ ಅದನ್ನು ಒತ್ತಿ ಹಿಡಿಯುತ್ತದೆ, ತಳ ಬಾಗಿದರೂ ಪಟ್ಟಿ ಜೊತೆಗೇ ಇಳಿಯುತ್ತದೆ. ಗೋಡೆಯ ಅಲೆಗಳಿಗೆ ಪಟ್ಟಿಯ ಹಿಂದೆ ಸ್ಪಂಜಿನ ಪಟ್ಟಿ ಇಟ್ಟೆವು. ಟಾರ್ಚು ಬಿಟ್ಟು ಕೆಳಗಿನಿಂದ ನೋಡಿದರೆ ಎಲ್ಲೂ ಬೆಳಕು ಕಾಣಬಾರದು, ಅಲ್ಲಿಯವರೆಗೂ ಬಿಡಬೇಡಿ.

ಶೀಟು ಕತ್ತರಿಸುವ ಮೊದಲು ಕಣಜದೊಳಗೆ ರಟ್ಟು ಹಾಸಿ ಅಂಚಿನ ಅಚ್ಚು ತೆಗೆದುಕೊಂಡು ಹೋಗಿ. ಅಂಗಡಿಯವರಿಗೆ ಅಳತೆ ಹೇಳಬೇಡಿ, ರಟ್ಟನ್ನೇ ಕೊಡಿ.

ತಳದ ಕೆಳಗೆ ಗಾಳಿಯಾಡಲು ಗೋಡೆಯ ಬುಡದಲ್ಲಿ ಎದುರುಬದುರು ತೂತು ಬೇಕು. ಅವಕ್ಕೆ ಕಾಲಿಂಚಿನ ಕಂಬಿ ಜಾಲರಿ ಹಾಕಿ, ಅದಕ್ಕಿಂತ ದೊಡ್ಡ ಕಣ್ಣಿದ್ದರೆ ಸುಂಡಿಲಿ ನುಗ್ಗುತ್ತದೆ.

ಚೆಕ್ಕರ್ ಪ್ಲೇಟು (ಮೇಲೆ ಉಬ್ಬು ಗೀರುಗಳಿರುವ ಶೀಟು) ಬೇಡ, ಗೀರುಗಳ ಸಂದಿಯಲ್ಲಿ ಧೂಳು ಕೂರುತ್ತದೆ. ಸಾದಾ ಕಬ್ಬಿಣಕ್ಕೆ ಪೇಂಟ್ ಹೊಡೆದು ಹಾಕುವುದೂ ಬೇಡ, ಕಾಳಿಗೆ ಪೇಂಟ್ ಯಾಕೆ ತಾಗಬೇಕು?

ತೂತಿನ ಶೀಟು ಹಾಕಿ ಕೆಳಗಿನಿಂದ ಫ್ಯಾನ್ ಬಿಡೋದು ಒಳ್ಳೆಯದಲ್ವಾ ಅಂತ ಚಿಕ್ಕಪ್ಪ ಕೇಳಿದರು. ಮೆಕ್ಕೆಜೋಳಕ್ಕೆ, ಭತ್ತಕ್ಕೆ ಖಂಡಿತ ಒಳ್ಳೆಯದು. ರಾಗಿ ಕಾಳು ಸಣ್ಣದು, ಒತ್ತಾಗಿ ಕೂರುತ್ತದೆ, ಸಣ್ಣ ಫ್ಯಾನಿನ ಗಾಳಿ ಅದರೊಳಗೆ ಏರುವುದೇ ಕಷ್ಟ. 2 ಮಿ.ಮೀ. ದಪ್ಪದ ಶೀಟಿಗೆ ರಾಗಿ ನಿಲ್ಲುವಷ್ಟು ಸಣ್ಣ ತೂತು ಹೊಡೆಯುವುದೂ ಸುಲಭವಲ್ಲ, ಮೇಲೆ ಜರಡಿಯ ಜಾಲರಿ ಬೇರೆ ಹಾಸಬೇಕು. ನಾವು ಕಣದಲ್ಲಿ ಚೆನ್ನಾಗಿ ಒಣಗಿಸಿ, ತೇವ ಶೇ. 12ಕ್ಕೆ ಇಳಿದ ಮೇಲೆಯೇ ತುಂಬುವವರು. ನಮಗೆ ಸಾದಾ ಶೀಟು ಸಾಕು.

ಕಬ್ಬಿಣದ ತಳದಿಂದ ಆದ ನಷ್ಟ ಒಂದೇ, ಜಾಗ. ಬ್ಲಾಕು, ಆಂಗಲ್ ಸೇರಿ ಎಂಟಿಂಚು ಏರಿತು, ಅಂದರೆ ಸುಮಾರು 4 ಕ್ವಿಂಟಲ್ ರಾಗಿಯ ಜಾಗ. ನಮ್ಮ ಮನೆಗೆ ಅದು ತೊಂದರೆಯಲ್ಲ, ಕಣಜ ಕಂಠಮಟ್ಟ ತುಂಬಿಸುವುದು ಅಪರೂಪ. ನಿಮ್ಮದು ಪ್ರತಿ ಸುಗ್ಗಿಯಲ್ಲೂ ತುಂಬಿ ತುಳುಕುತ್ತದೆ ಅಂದರೆ, ಹಳೇ ನೆಲ ಒಡೆದು ಪ್ಲಾಸ್ಟಿಕ್ ಹಾಸಿ ಹೊಸ ಕಾಂಕ್ರೀಟು ಹಾಕಿಸುವುದನ್ನೂ ಯೋಚಿಸಿ, ದುಡ್ಡೂ ಕಡಿಮೆ ಆಗುತ್ತದೆ. ನಮಗೆ ತಳದ ಪಟ್ಟಿಗಳನ್ನು ಬಿಚ್ಚಿ ಕೆಳಗೆ ಗುಡಿಸಬಹುದು ಅನ್ನೋದೇ ದೊಡ್ಡ ಅನುಕೂಲ. ಜೋಡಣೆಗೆಲ್ಲ ಜಿಐ ನಟ್ಟು ಬೋಲ್ಟೇ ಹಾಕಿಸಿ, ತುಕ್ಕು ಹಿಡಿದ ಬೋಲ್ಟನ್ನು ಕಣಜದೊಳಗೆ ಬಗ್ಗಿ ಬಿಚ್ಚೋದು ಯಾರಿಗೂ ಬೇಡ.