ಬ್ಲಫ್, ಕಾಕ್ರೋಚ್ ಪೋಕರ್, ಕೂ, ಸ್ಕಲ್: ಸುಳ್ಳಿನ ಆಟಗಳಲ್ಲಿ ನಮ್ಮ ಗುಂಪಿಗೆ ಒಗ್ಗಿದ್ದು ಯಾವುದು?

ನಮ್ಮ ಗುಂಪಿನಲ್ಲಿ ಒಬ್ಬ ಗೆಳತಿ ಇದ್ದಾಳೆ. ಸುಳ್ಳು ಹೇಳುವಾಗ ಅವಳ ಧ್ವನಿ ತನಗೆ ತಾನೇ ಏರುತ್ತದೆ. ಬ್ಲಫ್ ಆಡಲು ಕುಳಿತಾಗ "ಎರಡು ರಾಣಿ" ಎಂದು ಅವಳು ಹೇಳಿ ಮುಗಿಸುವ ಮೊದಲೇ ಮೂರು ಕಡೆಯಿಂದ "ಸುಳ್ಳು!" ಎಂಬ ಕೂಗು ಏಳುತ್ತಿತ್ತು. ನೆಲದ ಮೇಲಿನ ರಾಶಿಯೆಲ್ಲ ಅವಳ ಕೈ ಸೇರುತ್ತಿತ್ತು. ನಾಲ್ಕನೆಯ ವಾರ ಅವಳು, "ನೀವು ಆಡಿ, ನಾನು ನೋಡುತ್ತ ಕೂರುತ್ತೇನೆ" ಎಂದಳು. ಆ ಮಾತು ನನ್ನನ್ನು ಚುಚ್ಚಿತು. ಒಬ್ಬರನ್ನು ಪಕ್ಕಕ್ಕೆ ಕೂರಿಸುವ ಆಟವನ್ನು ಗೆಳೆಯರ ಆಟ ಎಂದು ಹೇಗೆ ಕರೆಯುವುದು? ಅಂದಿನಿಂದ ಸುಮಾರು ಎಂಟು ತಿಂಗಳು, ವಾರಕ್ಕೊಂದು ಸಂಜೆ, ನಾಲ್ಕರಿಂದ ಆರು ಜನ ಸೇರಿ ಸುಳ್ಳಿನ ಆಟಗಳನ್ನು ಒಂದೊಂದಾಗಿ ಆಡಿ ನೋಡಿದೆವು.

ಮೊದಲು ಬ್ಲಫ್‌ನಿಂದಲೇ ಶುರು ಮಾಡುತ್ತೇನೆ. ಬೇಕಾದದ್ದು ಒಂದು ಇಸ್ಪೀಟು ಕಟ್ಟು ಮಾತ್ರ. 52 ಎಲೆಗಳನ್ನೂ ಹಂಚಿಬಿಡಬೇಕು. ಮೊದಲನೆಯವರು ಎಕ್ಕ, ಮುಂದಿನವರು ಎರಡು, ಅವರ ನಂತರದವರು ಮೂರು, ಹೀಗೆ ರಾಜನವರೆಗೆ ಹೋಗಿ ಮತ್ತೆ ಎಕ್ಕಕ್ಕೆ ಬರಬೇಕು. ನಿಮ್ಮ ಸರದಿಗೆ ಏಳು ಬಂದರೆ, ಕೈಯಲ್ಲಿ ಏಳು ಇರಲಿ ಇಲ್ಲದಿರಲಿ, ಒಂದಾದರೂ ಎಲೆಯನ್ನು ಮಗುಚಿ ಇಟ್ಟು "ಒಂದು ಏಳು" ಎಂದೋ "ಮೂರು ಏಳು" ಎಂದೋ ಹೇಳಲೇಬೇಕು. ಅನುಮಾನ ಬಂದವರು ಸವಾಲು ಹಾಕಬಹುದು. ತೆರೆದಾಗ ಸುಳ್ಳಾಗಿದ್ದರೆ ಹೇಳಿದವರು, ನಿಜವಾಗಿದ್ದರೆ ಸವಾಲು ಹಾಕಿದವರು ಇಡೀ ರಾಶಿಯನ್ನು ಎತ್ತಿಕೊಳ್ಳಬೇಕು. ಕೈ ಮೊದಲು ಖಾಲಿಯಾದವರು ಗೆದ್ದರು.

ಇದನ್ನು ಬರೀ ಗದ್ದಲದ ಆಟ ಎಂದುಕೊಂಡವರು ಅದರೊಳಗಿನ ಲೆಕ್ಕವನ್ನು ಗಮನಿಸಿಲ್ಲ. ನಾಲ್ವರು ಆಡುವಾಗ ನೀವು ಎಕ್ಕದಿಂದ ಆರಂಭಿಸಿದರೆ ನಿಮ್ಮ ಮುಂದಿನ ಸರದಿಗಳೆಲ್ಲ ಆಗಲೇ ನಿಶ್ಚಯವಾಗಿರುತ್ತವೆ: ಎಕ್ಕ, 5, 9, ರಾಜ, 4, 8, ರಾಣಿ, 3, 7, ಗುಲಾಮ, 2, 6, 10. ಹದಿಮೂರಕ್ಕೂ ನಾಲ್ಕಕ್ಕೂ ಸಾಮಾನ್ಯ ಅಪವರ್ತನ ಇಲ್ಲದ ಕಾರಣ ಹದಿಮೂರು ಸರದಿಗಳಲ್ಲಿ ಎಲ್ಲ ಬಗೆಯ ಎಲೆಗಳೂ ಒಂದೊಂದು ಸಲ ನಿಮ್ಮ ಪಾಲಿಗೆ ಬಂದೇ ಬರುತ್ತವೆ. ಎಲೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿಕೊಳ್ಳುವ ಬದಲು ಈ ಕ್ರಮದಲ್ಲಿ ಜೋಡಿಸಿಕೊಳ್ಳಿ. ಸುಳ್ಳು ಹೇಳಲೇಬೇಕಾದಾಗ ಸಾಲಿನ ಕೊನೆಯಲ್ಲಿರುವ ಎಲೆಯನ್ನು ಬಿಟ್ಟುಕೊಡಿ, ಅದರ ಸರದಿ ಬರಲು ಇನ್ನೂ ಬಹಳ ಹೊತ್ತಿದೆ. ಒಂದನ್ನು ಮಾತ್ರ ಮರೆಯಬಾರದು: ಕೊನೆಯ ಎಲೆಗೆ ಎಲ್ಲರೂ ಸವಾಲು ಹಾಕುತ್ತಾರೆ, ಆದ್ದರಿಂದ ಆ ಒಂದು ಮಾತು ನಿಜವಾಗಿರುವಂತೆ ನಾಲ್ಕೈದು ಸರದಿ ಮೊದಲೇ ಯೋಜಿಸಿಕೊಳ್ಳಬೇಕು.

ಸವಾಲು ಹಾಕುವುದಕ್ಕೂ ಲೆಕ್ಕವಿದೆ. ನಾಲ್ವರ ಆಟದ ಆರಂಭದಲ್ಲಿ ನಿಮ್ಮ ಕೈಯಲ್ಲಿ ಎರಡು ರಾಣಿಯರಿದ್ದು, ಎದುರಿನವರು "ಎರಡು ರಾಣಿ" ಎಂದರೆ, ಉಳಿದ ಎರಡೂ ಅವರೊಬ್ಬರ ಬಳಿಯೇ ಇರುವ ಸಾಧ್ಯತೆ ಹತ್ತೊಂಬತ್ತಕ್ಕೆ ಎರಡು, ಅಂದರೆ ಸುಮಾರು ಹತ್ತಕ್ಕೆ ಒಂದು. ಮುಖ ನೋಡುತ್ತ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಮುಖ ಓದುವುದರಲ್ಲಿ ನಾವೆಲ್ಲ ನಿಪುಣರು ಎಂಬ ನಂಬಿಕೆ ಬಲವಾದದ್ದು, ಆದರೆ ಅದಕ್ಕೆ ಆಧಾರ ತೀರ ಕಡಿಮೆ. ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಅವರು ಅಲ್ಲಿಯವರೆಗಿನ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ತೋರಿಸಿದಂತೆ, ನಿಜ ಯಾವುದು ಸುಳ್ಳು ಯಾವುದು ಎಂದು ಜನ ಸರಿಯಾಗಿ ಗುರುತಿಸುವುದು ಸರಾಸರಿ ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ನನ್ನ ಗೆಳತಿಯ ಧ್ವನಿ ಅಪವಾದ, ಅಷ್ಟೇ.

ಆದರೂ ಬ್ಲಫ್ ನನಗೆ ಪೂರ್ತಿ ಹಿಡಿಸಲಿಲ್ಲ. ಇಲ್ಲಿ ಸುಳ್ಳು ಆಯ್ಕೆಯಲ್ಲ, ಬಲವಂತ. ಕೈಯಲ್ಲಿ ಏಳು ಇಲ್ಲದವರು ಏಳು ಎನ್ನಲೇಬೇಕು, ಹೀಗಾಗಿ ಆ ಸುಳ್ಳಿನಲ್ಲಿ ಧೈರ್ಯವೂ ಇಲ್ಲ, ತಂತ್ರವೂ ಇಲ್ಲ. ಇದಕ್ಕೆ ನಾವು ಕಂಡುಕೊಂಡ ಪರಿಹಾರ ಅದೇ ಆಟದ ಇನ್ನೊಂದು ರೂಪ: ಸುತ್ತು ಆರಂಭಿಸುವವರು ತಮಗೆ ಬೇಕಾದ ಎಲೆಯ ಹೆಸರು ಹೇಳುತ್ತಾರೆ, ಉಳಿದವರು ಅದೇ ಹೆಸರಿನಲ್ಲಿ ಎಲೆ ಸೇರಿಸಬಹುದು, ಸವಾಲು ಹಾಕಬಹುದು ಅಥವಾ ಸುಮ್ಮನೆ ಬಿಡಬಹುದು. ಎಲ್ಲರೂ ಬಿಟ್ಟಾಗ ರಾಶಿಯನ್ನು ಬದಿಗೆ ಸರಿಸಿ, ಕೊನೆಯಲ್ಲಿ ಎಲೆ ಹಾಕಿದವರು ಹೊಸ ಸುತ್ತು ಶುರು ಮಾಡುತ್ತಾರೆ. ಆಗ ಸುಳ್ಳು ಹೇಳುವವರು ಬೇಕೆಂದೇ ಹೇಳುತ್ತಾರೆ. ಮೇಲಿನ ಸರದಿ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂಬುದು ನಷ್ಟವೇ, ಆದರೆ ಆಟ ಬೇಗ ಮುಗಿಯುತ್ತದೆ.

ಎರಡನೆಯದು ಕಾಕ್ರೋಚ್ ಪೋಕರ್. ಹೆಸರಿನಲ್ಲಿ ಪೋಕರ್ ಇದ್ದರೂ ಪಣವಿಲ್ಲ. ಜಾಕ್ ಜೈಮೆ ರೂಪಿಸಿದ ಈ ಆಟ 2004ರಲ್ಲಿ ಬಂತು. ಜಿರಲೆ, ಬಾವಲಿ, ಕಪ್ಪೆ, ಇಲಿ, ಚೇಳು, ಜೇಡ ಹೀಗೆ ಎಂಟು ಜೀವಿಗಳು, ಒಂದೊಂದಕ್ಕೂ ಎಂಟು ಎಲೆ, ಒಟ್ಟು 64. ನೀವು ಒಂದು ಎಲೆಯನ್ನು ಮಗುಚಿ ಯಾರಾದರೊಬ್ಬರ ಕಡೆ ಸರಿಸಿ, "ಇದು ಕಪ್ಪೆ" ಎನ್ನುತ್ತೀರಿ. ಅವರು ನಿಜ ಎನ್ನಬಹುದು, ಸುಳ್ಳು ಎನ್ನಬಹುದು, ಅಥವಾ ತಾವೊಬ್ಬರೇ ಇಣುಕಿ ನೋಡಿ ಮತ್ತೊಬ್ಬರಿಗೆ ದಾಟಿಸಬಹುದು. ಊಹೆ ತಪ್ಪಿದವರ ಮುಂದೆ, ಊಹೆ ಸರಿಯಾಗಿದ್ದರೆ ಕೊಟ್ಟವರ ಮುಂದೆ, ಆ ಎಲೆ ತೆರೆದು ಬೀಳುತ್ತದೆ. ಒಂದೇ ಜೀವಿಯ ನಾಲ್ಕು ಎಲೆಗಳು ಯಾರ ಮುಂದೆ ಸೇರುತ್ತವೋ ಅವರು ಸೋತಂತೆ. ಗೆದ್ದವರು ಯಾರೂ ಇಲ್ಲ, ಸೋತವರು ಒಬ್ಬರೇ.

ನಗು ಉಕ್ಕಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಒಬ್ಬರ ಕಣ್ಣಿನಲ್ಲಿ ಕಣ್ಣಿಟ್ಟು "ಇದು ಇಲಿಯೇ, ನಂಬು" ಎಂದು ಹೇಳುವ ಆ ಗಳಿಗೆ ಬೇರೆ ಯಾವ ಆಟದಲ್ಲೂ ಇಲ್ಲ. ಆದರೆ ನಮ್ಮ ಸಮಸ್ಯೆಗೆ ಇದು ಮದ್ದಾಗಲಿಲ್ಲ. ಮೂರು ಕಪ್ಪೆಗಳನ್ನು ಮುಂದಿಟ್ಟುಕೊಂಡವರ ಕಡೆಗೇ ಎಲ್ಲರೂ ಎಲೆ ಸರಿಸುತ್ತಾರೆ, ಆಟದ ಹದವೇ ಹಾಗಿದೆ. ಗೆಳತಿ ಒಂದೇ ಸಂಜೆ ಐದು ಸಲ ಸೋತಳು. ಸೋಲಿನ ಹೆಸರು ಮಾತ್ರ ಉಳಿಯುವ ಆಟದಲ್ಲಿ ಅದೇ ಹೆಸರು ಮತ್ತೆ ಮತ್ತೆ ಬಂದರೆ ನಗು ಬೇಗ ಕಹಿಯಾಗುತ್ತದೆ. ತರ್ಕಕ್ಕೆ ಸಿಗುವ ಆಧಾರವೂ ಇಲ್ಲಿ ತೆಳು: ನಿಮ್ಮ ಕೈಯಲ್ಲಿ ಮತ್ತು ತೆರೆದ ಎಲೆಗಳಲ್ಲಿ ಆ ಜೀವಿ ಎಷ್ಟಿದೆ ಎಂಬುದಷ್ಟೇ. ಆಡಿ ನೋಡಬೇಕೆನಿಸಿದರೆ ಪೆಟ್ಟಿಗೆ ಕೊಳ್ಳಬೇಕಾಗಿಲ್ಲ. ಬೆನ್ನು ಒಂದೇ ತೆರನಾಗಿರುವ ಎರಡು ಇಸ್ಪೀಟು ಕಟ್ಟುಗಳಿಂದ 7, 8, 9, 10, ಗುಲಾಮ, ರಾಣಿ, ರಾಜ, ಎಕ್ಕ ಇವಿಷ್ಟನ್ನು ಆರಿಸಿಕೊಂಡರೆ ಸರಿಯಾಗಿ ಎಂಟರ ಎಂಟು ಗುಂಪು, 64 ಎಲೆ ಸಿಗುತ್ತವೆ. "ಇದು ಜಿರಲೆ" ಎನ್ನುವ ಸೊಗಸು "ಇದು ಒಂಬತ್ತು" ಎನ್ನುವುದರಲ್ಲಿ ಇಲ್ಲ ಎಂಬುದನ್ನು ಒಪ್ಪುತ್ತೇನೆ.

ಪೋಕರ್ ಅನ್ನೂ ಎರಡು ವಾರ ಆಡಿದೆವು, ಹಣದ ಬದಲು ಅಂಗಿಯ ಗುಂಡಿಗಳನ್ನು ಪಣವಿಟ್ಟು. ಕಳೆದುಕೊಳ್ಳುವುದು ಏನೂ ಇಲ್ಲದಿದ್ದಾಗ ಯಾರೂ ಎಲೆ ಬಿಟ್ಟು ಹಿಂದೆ ಸರಿಯುವುದಿಲ್ಲ, ಯಾರೂ ಸರಿಯದಿದ್ದರೆ ಬೆದರಿಸಿ ಗೆಲ್ಲುವ ದಾರಿಯೇ ಮುಚ್ಚಿಹೋಗುತ್ತದೆ. ಹಣ ಇಟ್ಟು ಗೆಳೆಯರೊಡನೆ ಆಡುವುದು ನನಗೆ ಬೇಡ. ಪೋಕರ್‌ನಿಂದ ನಾನು ಉಳಿಸಿಕೊಂಡದ್ದು ಗಣಿತಜ್ಞ ಜಾನ್ ವಾನ್ ನ್ಯೂಮನ್ ತಮ್ಮ ಸರಳೀಕರಿಸಿದ ಮಾದರಿಯಲ್ಲಿ ತೋರಿಸಿಕೊಟ್ಟ ಒಂದು ಅಂಶವನ್ನು: ದೊಡ್ಡ ಪಣ ಹೂಡಬೇಕಾದದ್ದು ಅತ್ಯುತ್ತಮ ಎಲೆಗಳಿದ್ದಾಗ ಮತ್ತು ಅತ್ಯಂತ ಕೆಟ್ಟ ಎಲೆಗಳಿದ್ದಾಗ, ನಡುವಿನ ಎಲೆಗಳಿದ್ದಾಗ ಸುಮ್ಮನಿರಬೇಕು. ಮಧ್ಯಮ ಎಲೆಗಳಿಗೆ ಹಾಗೆಯೇ ಗೆಲ್ಲುವ ಅವಕಾಶ ಇರುತ್ತದೆ, ಸುಳ್ಳು ಹೇಳಿ ಅದನ್ನು ಅಪಾಯಕ್ಕೆ ಒಡ್ಡುವುದೇಕೆ?

ಈ ಮಾತು ನಿಜವಾಗಿ ಕೆಲಸಕ್ಕೆ ಬಂದದ್ದು ಕೂ ಆಟದಲ್ಲಿ. 2012ರಲ್ಲಿ ಬಂದ ಈ ಆಟವನ್ನು ರೂಪಿಸಿದವರು ರಿಕಿ ತಾಹ್ತಾ. ಕೇವಲ 15 ಪಾತ್ರದ ಎಲೆಗಳು: ಡ್ಯೂಕ್, ಅಸ್ಯಾಸಿನ್, ಕ್ಯಾಪ್ಟನ್, ಅಂಬಾಸಡರ್, ಕಾಂಟೆಸ್ಸಾ, ತಲಾ ಮೂರು. ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಎಲೆ, ಎರಡು ನಾಣ್ಯ. "ನಾನು ಡ್ಯೂಕ್" ಎಂದು ಮೂರು ನಾಣ್ಯ ತೆಗೆದುಕೊಳ್ಳಬಹುದು, "ನಾನು ಕ್ಯಾಪ್ಟನ್" ಎಂದು ಇನ್ನೊಬ್ಬರಿಂದ ಎರಡು ಕಸಿಯಬಹುದು. ಆ ಎಲೆ ನಿಮ್ಮಲ್ಲಿ ಇರಲೇಬೇಕೆಂದಿಲ್ಲ. ಯಾರೂ ಪ್ರಶ್ನಿಸದಿದ್ದರೆ ಹೇಳಿದ್ದೇ ನಿಜ. ಪ್ರಶ್ನಿಸಿದಾಗ ಸುಳ್ಳು ಬಯಲಾದರೆ ನಿಮ್ಮ ಒಂದು ಎಲೆ ಹೋಯಿತು, ನಿಜವಾಗಿದ್ದರೆ ಪ್ರಶ್ನಿಸಿದವರ ಒಂದು ಎಲೆ ಹೋಯಿತು. ಏಳು ನಾಣ್ಯ ಕೊಟ್ಟರೆ ಯಾರ ಎಲೆಯನ್ನಾದರೂ ತಡೆಯಿಲ್ಲದೆ ಬೀಳಿಸಬಹುದು. ಹತ್ತು ನಾಣ್ಯವಾದರೆ ಹಾಗೆ ಮಾಡಲೇಬೇಕು, ಆದ್ದರಿಂದ ಆಟ ಎಳೆಯುವುದಿಲ್ಲ.

ನಾನು ಬಯಸಿದ್ದು ಇದನ್ನೇ ಎಂದು ಮೊದಲ ಸಂಜೆಯೇ ಅನಿಸಿತು. ಸುಳ್ಳು ಇಲ್ಲಿ ಸಂಪೂರ್ಣ ಆಯ್ಕೆ. ಸುಳ್ಳಿಗೂ ಸುಳ್ಳು ಆರೋಪಕ್ಕೂ ದಂಡ ಸರಿಸಮ. ಲೆಕ್ಕಕ್ಕೂ ಜಾಗವಿದೆ. ಆರಂಭದಲ್ಲಿ ನಿಮ್ಮ ಬಳಿ ಡ್ಯೂಕ್ ಇಲ್ಲದಿದ್ದರೆ ಎದುರಿನ ಒಬ್ಬರ ಬಳಿ ಕನಿಷ್ಠ ಒಂದು ಡ್ಯೂಕ್ ಇರುವ ಸಾಧ್ಯತೆ ನೂರಕ್ಕೆ 42. ನಿಮ್ಮಲ್ಲಿ ಒಂದಿದ್ದರೆ ಅದು ಸುಮಾರು 30ಕ್ಕೆ, ಎರಡಿದ್ದರೆ 15ಕ್ಕೆ ಇಳಿಯುತ್ತದೆ. ಇದಕ್ಕಿಂತಲೂ ನಾನು ಮೆಚ್ಚಿದ್ದು ಒಂದು ಚಿಕ್ಕ ನಿಯಮವನ್ನು: ಪ್ರಶ್ನೆಗೆ ಉತ್ತರವಾಗಿ ತೋರಿಸಿದ ಎಲೆಯನ್ನು ಉಳಿದ ಎಲೆಗಳಲ್ಲಿ ಕಲೆಸಿ ಹೊಸದನ್ನು ಎತ್ತಿಕೊಳ್ಳಬೇಕು. ನಿಜ ಹೇಳಿದವರ ಗುಟ್ಟು ಆ ಕ್ಷಣವೇ ಮತ್ತೆ ಗುಟ್ಟಾಗುತ್ತದೆ, ಸತ್ಯವಂತರಿಗೆ ನಷ್ಟವಾಗುವುದಿಲ್ಲ.

ಹೊಸಬರು ಎಡವುವುದು ಅಸ್ಯಾಸಿನ್ ಬಳಿ. ಒಬ್ಬರು ಮೂರು ನಾಣ್ಯ ಕೊಟ್ಟು ನಿಮ್ಮ ಮೇಲೆ ಕೊಲೆಗಾರನನ್ನು ಬಿಟ್ಟಾಗ ನೀವು ಅವನನ್ನು ತಡೆಯಲು "ನನ್ನಲ್ಲಿ ಕಾಂಟೆಸ್ಸಾ ಇದ್ದಾಳೆ" ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದರೆ, ಸುಳ್ಳಿಗೆ ಒಂದು ಎಲೆ, ಕೊಲೆಗೆ ಇನ್ನೊಂದು, ಒಂದೇ ಏಟಿಗೆ ಆಟದಿಂದ ಹೊರಗೆ. ಎರಡೂ ಎಲೆ ಉಳಿದಿದ್ದರೆ ಸುಮ್ಮನೆ ಒಂದನ್ನು ಬಿಟ್ಟುಕೊಡುವುದು ಬಹಳ ಸಲ ಜಾಣತನ. ಒಂದೇ ಎಲೆ ಉಳಿದಿದ್ದರೆ ಕಾಂಟೆಸ್ಸಾ ಎಂದು ಹೇಳದಿರುವುದು ದಡ್ಡತನ, ಹೇಗಿದ್ದರೂ ಹೋಗುವುದು ಆ ಒಂದೇ ಎಲೆ.

ಕೂ ಆಟದ ತೊಡಕು ಹೊರಬಿದ್ದವರದು. ಆರು ಜನ ಕುಳಿತಾಗ ಮೊದಲು ಹೋದವರು ಉಳಿದ ಐವರ ಆಟವನ್ನು ಕೈಕಟ್ಟಿ ನೋಡಬೇಕು. ಒಂದು ಆಟ ಕಾಲು ಗಂಟೆಯಲ್ಲಿ ಮುಗಿಯುವುದು ನಿಜ, ಆದರೆ ಗೆಳತಿಯನ್ನು ಪಕ್ಕಕ್ಕೆ ಕೂರಿಸುವ ಹಳೆಯ ಕಥೆ ಇಲ್ಲೂ ಮರುಕಳಿಸಿತು. ಪಾತ್ರಗಳ ಕೆಲಸ ನೆನಪಿಟ್ಟುಕೊಳ್ಳಲು ಎಲ್ಲರಿಗೂ ಎರಡು ಸಂಜೆಯಾದರೂ ಬೇಕಾಯಿತು. ಮೂವರು ಅಥವಾ ನಾಲ್ವರೇ ಇದ್ದರೆ ಇಂದಿಗೂ ನಾನು ಹೊರತೆಗೆಯುವುದು ಕೂ ಪೆಟ್ಟಿಗೆಯನ್ನೇ.

ಎರ್ವೆ ಮಾರ್ಲಿ ರೂಪಿಸಿದ, 2011ರಲ್ಲಿ ಬಂದ ಸ್ಕಲ್ ನಮ್ಮ ಕೈಗೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಪ್ರತಿಯೊಬ್ಬರಿಗೂ ನಾಲ್ಕು ಬಿಲ್ಲೆಗಳು: ಮೂರರ ಮೇಲೆ ಹೂವು, ಒಂದರ ಮೇಲೆ ತಲೆಬುರುಡೆ. ಎಲ್ಲರೂ ಒಂದೊಂದನ್ನು ಮಗುಚಿ ಇಡುತ್ತಾರೆ. ಆಮೇಲೆ ಸರದಿಯಂತೆ ಇನ್ನೊಂದನ್ನು ಅದರ ಮೇಲೆ ಪೇರಿಸಬಹುದು, ಅಥವಾ ಹರಾಜು ಶುರು ಮಾಡಬಹುದು: "ಬುರುಡೆ ತಗಲದಂತೆ ಮೂರು ತೆರೆಯುತ್ತೇನೆ." ಮುಂದಿನವರು ನಾಲ್ಕು ಎನ್ನಬೇಕು ಅಥವಾ ಬಿಡಬೇಕು. ಹೆಚ್ಚು ಕೂಗಿದವರು ತೆರೆಯಬೇಕು, ಮತ್ತು ಮೊದಲು ತಮ್ಮ ಎಲ್ಲ ಬಿಲ್ಲೆಗಳನ್ನೇ ತೆರೆಯಬೇಕು. ಬುರುಡೆ ತಗಲಿದರೆ ತಮ್ಮ ಒಂದು ಬಿಲ್ಲೆ ಶಾಶ್ವತವಾಗಿ ಹೋಗುತ್ತದೆ, ಹೋದದ್ದು ಹೂವೋ ಬುರುಡೆಯೋ ಎಂಬುದು ಉಳಿದವರಿಗೆ ತಿಳಿಯುವುದಿಲ್ಲ. ಎರಡು ಸಲ ಯಶಸ್ವಿಯಾದವರು ಗೆದ್ದರು.

ಮೊದಲು ತನ್ನದನ್ನೇ ತೆರೆಯಬೇಕು ಎಂಬ ಆ ಒಂದು ನಿಯಮದ ಮೇಲೆ ಇಡೀ ಆಟ ನಿಂತಿದೆ. ಬುರುಡೆ ಇಟ್ಟವರು "ಮೂರು" ಎಂದು ಕೂಗುವುದು ಇನ್ನೊಬ್ಬರು "ನಾಲ್ಕು" ಎನ್ನಲಿ ಎಂಬ ಆಸೆಯಿಂದ. ಅವರು ಎನ್ನದಿದ್ದರೆ ತೋಡಿದ ಗುಂಡಿಗೆ ತಾವೇ ಬೀಳುತ್ತಾರೆ. ಸುಳ್ಳಿನ ಬೆಲೆಯನ್ನು ಸುಳ್ಳುಗಾರರೇ ಮುಂಗಡವಾಗಿ ತೆತ್ತಂತೆ. ಮತ್ತು ಇಲ್ಲಿ ಬಾಯಿಬಿಟ್ಟು ಸುಳ್ಳು ಹೇಳುವ ಅಗತ್ಯವೇ ಇಲ್ಲ. ಹೇಳಬೇಕಾದದ್ದು ಒಂದು ಅಂಕಿ, ಅಷ್ಟೇ.

ಗೆಳತಿ ಮೊದಲ ಆಟದಲ್ಲೇ ಗೆದ್ದಳು. ಅವಳು ಬುರುಡೆ ಇಟ್ಟು ಅಂಕಿ ಕೂಗಿದಾಗ ಧ್ವನಿ ಏರಿತೋ, ಹೂವು ಇಟ್ಟು ಕೂಗುವಾಗ ಗೆಲುವಿನ ಆತಂಕದಿಂದ ಏರಿತೋ ನಮಗೆ ಬೇರ್ಪಡಿಸಲು ಆಗಲೇ ಇಲ್ಲ. ನಮ್ಮಲ್ಲಿ ಅತಿ ಹೆಚ್ಚು ಮಾತನಾಡುವ ಗೆಳೆಯ, ಬ್ಲಫ್‌ನಲ್ಲಿ ಎಲ್ಲರನ್ನೂ ಏಮಾರಿಸುತ್ತಿದ್ದವನು, ಇಲ್ಲಿ ಬೇಗ ಬಿಲ್ಲೆಗಳನ್ನು ಕಳೆದುಕೊಳ್ಳುತ್ತಾನೆ, ಹರಾಜಿನಲ್ಲಿ ಹಿಂದೆ ಸರಿಯುವುದು ಅವನಿಗೆ ಆಗದು. ನಾಲ್ಕೂ ಬಿಲ್ಲೆ ಕಳೆದುಕೊಂಡವರು ಇಲ್ಲಿಯೂ ಹೊರಗೆ ಹೋಗುತ್ತಾರೆ, ಆದರೆ ಅದಕ್ಕೆ ನಾಲ್ಕು ಸಲ ಎಡವಬೇಕು, ಅಷ್ಟರಲ್ಲಿ ಸಾಮಾನ್ಯವಾಗಿ ಯಾರಾದರೂ ಗೆದ್ದಿರುತ್ತಾರೆ. ಐದಾರು ಜನರಿದ್ದರೆ ನನ್ನ ಆಯ್ಕೆ ಸ್ಕಲ್, ಇದರಲ್ಲಿ ನನಗೆ ಅನುಮಾನವಿಲ್ಲ. ಆರಕ್ಕಿಂತ ಹೆಚ್ಚಾದರೆ ಮಾತ್ರ ಮತ್ತೆ ಬ್ಲಫ್‌ಗೆ, ಸುಮ್ಮನೆ ಬಿಡಲು ಅವಕಾಶವಿರುವ ಅದರ ರೂಪಕ್ಕೆ, ಮರಳುತ್ತೇವೆ.

ಸ್ಕಲ್ ಅನ್ನು ಇಸ್ಪೀಟಿನಲ್ಲೇ ಆಡಬಹುದು. ಒಬ್ಬೊಬ್ಬರಿಗೆ ಮೂರು ಕೆಂಪು ಎಲೆ, ಒಂದು ಕಪ್ಪು ಎಲೆ ಕೊಟ್ಟರೆ ಸಾಕು, ಆರು ಜನರಿಗೆ 24 ಎಲೆ. ಕಪ್ಪೇ ಬುರುಡೆ. ಮೂಲೆ ಮಡಿಸಿದ ಅಥವಾ ಗೀರು ಬಿದ್ದ ಎಲೆ ಮಾತ್ರ ಬೇಡ. ನಾವು ಹಳೆಯ ಕಟ್ಟಿನಲ್ಲಿ ಆಡಿದ ಮೊದಲ ವಾರ ಒಬ್ಬರ ಕಪ್ಪು ಎಲೆಯ ಬೆನ್ನಿನ ಮೇಲೆ ಸಣ್ಣ ಕಲೆ ಇತ್ತು. ಅದನ್ನು ಮೊದಲು ಗಮನಿಸಿ, ಆಟ ನಿಲ್ಲಿಸಿ, ಎಲೆ ಬದಲಿಸಿ ಎಂದು ಹೇಳಿದವಳು ಗೆಳತಿಯೇ.