‘8000 ಲುಮೆನ್’ ಸೈಕಲ್ ಲೈಟ್ ನಂಬಿ ಕತ್ತಲೆಗೆ ಇಳಿಯಬೇಡಿ

ಆನ್‌ಲೈನ್‌ನಲ್ಲಿ ಆರೇಳುನೂರು ರೂಪಾಯಿಗೆ ಸಿಗುವ ‘8000 ಲುಮೆನ್’ ಸೈಕಲ್ ಲೈಟ್ ತರಿಸುವ ಯೋಚನೆಯಿದ್ದರೆ ಇದನ್ನು ಓದಿ. ಲುಮೆನ್ ಎಂದರೆ ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ. ನನಗೆ ಬಂದದ್ದರ ಪೆಟ್ಟಿಗೆಯ ಮೇಲೆ ‘ಆರು ಗಂಟೆ ಉರಿಯುತ್ತದೆ, ವಾಟರ್‌ಪ್ರೂಫ್’ ಎಂದೂ ಇತ್ತು. ಕಾಪುವಿನಿಂದ ಮಟ್ಟು, ಪಡುಕೆರೆ ದಾರಿಯಾಗಿ ರಾತ್ರಿ ಮಲ್ಪೆಗೆ ಹೊರಟಿದ್ದೆ. ಜಿಟಿಜಿಟಿ ಮಳೆ. ಅರ್ಧ ದಾರಿಯಲ್ಲಿ ಲೈಟ್ ಮಂಕಾಯಿತು. ರಸ್ತೆಗೆ ಬಿದ್ದಿದ್ದ ತೆಂಗಿನ ಮಡಲು ಕಂಡದ್ದು ಅದು ಮುಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡ ಮೇಲೆಯೇ. ಮೊಣಕಾಲಿಗೆ ಹೊಲಿಗೆ ಬಿತ್ತು, ರಿಮ್ ಸೊಟ್ಟಗಾಯಿತು.

ಮಾರಿದವರಿಗೆ ಫೋಟೋ ಸಹಿತ ದೂರು ಕಳಿಸಿದೆ. ‘ಒಳಗೆ ತೇವ ಕಾಣುತ್ತಿದೆ, ವಾರಂಟಿ ಸಿಗದು’ ಎಂಬ ಉತ್ತರ ಬಂತು. ವಾಟರ್‌ಪ್ರೂಫ್ ಅಂತೆ!

ಸಿಟ್ಟಿನಲ್ಲಿ ಬಿಚ್ಚಿ ನೋಡಿದೆ. 1200 ಎಂಎಎಚ್‌ನ, ಅಂದರೆ 1.2 ಆಂಪಿಯರ್-ಗಂಟೆ ಸಾಮರ್ಥ್ಯದ, ಒಂದೇ ಸೆಲ್. ಅದನ್ನು ಲಿಥಿಯಂ ಸೆಲ್‌ನ 3.7 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 4.4 ವ್ಯಾಟ್-ಗಂಟೆ, ಅಂದರೆ 4.4 ವ್ಯಾಟ್‌ನಂತೆ ಒಂದು ಗಂಟೆ. ಒಳ್ಳೆಯ ಎಲ್‌ಇಡಿ ವ್ಯಾಟ್ ಒಂದಕ್ಕೆ 100ರಿಂದ 150 ಲುಮೆನ್ ಕೊಡುತ್ತದೆ. ಹಾಗಾಗಿ ಈ ಸೆಲ್‌ನಿಂದ ಹೆಚ್ಚೆಂದರೆ 650ರ ಆಸುಪಾಸಿನ ಲುಮೆನ್, ಅದೂ ಒಂದು ಗಂಟೆ. ನಿಜಕ್ಕೂ 8000 ಲುಮೆನ್ ಬೇಕಾದರೆ 50 ವ್ಯಾಟ್‌ಗಿಂತ ಹೆಚ್ಚು ಶಕ್ತಿ ಬೇಕು; ಅಷ್ಟನ್ನು ಎಳೆದರೆ ಸೆಲ್ ಐದೇ ನಿಮಿಷಕ್ಕೆ ಬರಿದು. ಲುಮೆನ್ ಸಂಖ್ಯೆಯನ್ನು ಯಾರು ಎಷ್ಟು ಬೇಕಾದರೂ ಅಚ್ಚು ಹಾಕಿಸಬಹುದು, ಕೊಳ್ಳುವ ಮೊದಲು ಬ್ಯಾಟರಿಯ ಲೆಕ್ಕ ಕೇಳಿ. ಅಲ್ಲೂ ಬೊಗಳೆ ಇರುತ್ತದೆ: 18650 ಅಳತೆಯ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ) ಸೆಲ್ ಮೇಲೆ 9900 ಎಂಎಎಚ್ ಎಂದು ಕಂಡರೆ ನಂಬಬೇಡಿ, ಉತ್ತಮ ಸೆಲ್‌ಗಳೇ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ.

ಬೆಳಕು ಬೀಳುವ ಜಾಗವೂ ಅಷ್ಟೇ ಮುಖ್ಯ. ನನ್ನ ಲೈಟ್ ಟಾರ್ಚ್‌ನಂತೆ ದುಂಡಗೆ ಚೆಲ್ಲುತ್ತಿತ್ತು. ಅರ್ಧ ಬೆಳಕು ತೆಂಗಿನ ಗರಿಗಳಿಗೆ, ಉಳಿದದ್ದರಲ್ಲಿ ಒಂದು ಪಾಲು ಎದುರಿನ ಸ್ಕೂಟರಿನವರ ಕಣ್ಣಿಗೆ. ಜರ್ಮನಿಯ ಎಸ್‌ಟಿವಿಜೆಡ್‌ಓ ಎಂಬ ವಾಹನ ನಿಯಮಕ್ಕೆ ಒಪ್ಪುವ ಲೈಟ್‌ಗಳಲ್ಲಿ ಬೆಳಕು ಮೇಲಕ್ಕೆ ಹರಡದಂತೆ ಕತ್ತರಿಸಿರುತ್ತದೆ. ದುಬಾರಿ ನಿಜ, ಆದರೆ ಕಡಿಮೆ ಲುಮೆನ್‌ನಲ್ಲೇ ರಸ್ತೆ ಚೆನ್ನಾಗಿ ಕಾಣುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೈಕಲ್ ಸೆಕೆಂಡಿಗೆ ಐದೂವರೆ ಮೀಟರ್ ಓಡುತ್ತದೆ. ಅಡ್ಡ ಬಿದ್ದದ್ದನ್ನು ಕಂಡು, ಬ್ರೇಕ್ ಹಿಡಿದು ನಿಲ್ಲಲು ಹನ್ನೆರಡು ಮೀಟರಾದರೂ ಬೇಕು. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು. ಬೀದಿದೀಪಗಳಿರುವ ಮಣಿಪಾಲದ ರಸ್ತೆಗೆ 200 ಲುಮೆನ್ ಸಾಕೆನಿಸೀತು. ಪಡುಕೆರೆಯ ಕತ್ತಲೆಗೆ, ನನ್ನ ಮಟ್ಟಿಗೆ, ಮಂಕಾಗದೆ ನಿಲ್ಲುವ 400 ಬೇಕೇ ಬೇಕು.

ನಮ್ಮ ಕರಾವಳಿಯ ಮಳೆಗೆ ಬರೀ ‘ವಾಟರ್‌ಪ್ರೂಫ್’ ಎಂಬ ಪದ ಸಾಲದು, ನೀರು ತಡೆಯುವ ಮಟ್ಟ ಹೇಳುವ ಐಪಿ ಅಂಕಿ ನೋಡಿ. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನ ಎರಚಲು ತಡೆಯುತ್ತದೆ. ಐಪಿಎಕ್ಸ್6 ರಭಸದ ನೀರನ್ನೂ ತಡೆಯುತ್ತದೆ. ಅಂಕಿಯೇ ಇಲ್ಲದಿದ್ದರೆ ಬಿಟ್ಟುಬಿಡಿ.

ಈಗಾಗಲೇ ತರಿಸಿದ್ದರೆ, ಮರಳಿಸುವ ಗಡುವು ಮುಗಿಯುವ ಮೊದಲು ಪೂರ್ತಿ ಚಾರ್ಜ್ ಮಾಡಿ, ಕತ್ತಲ ಕೋಣೆಯಲ್ಲಿ ಗೋಡೆಯ ಕಡೆ ತಿರುಗಿಸಿ ಒಂದು ಗಂಟೆ ಉರಿಸಿ. ಆರಂಭದಲ್ಲಿ ಒಂದು, ಕೊನೆಗೆ ಒಂದು ವೀಡಿಯೊ ತೆಗೆದಿಡಿ. ಮಂಕಾದರೆ ಆ ದಿನವೇ ವಾಪಸ್ ಕಳಿಸಿ.